ಶಿವ, ಶಕ್ತಿ ಮತ್ತು ಕಬ್ಬಾಳಿನ ಆನೆ

ಮೊನ್ನೆ ಕಬ್ಬಾಳಮ್ಮನ ದರ್ಶನಕ್ಕೆ ಅಂತ ಕಬ್ಬಾಳಿಗೆ ಹೋಗಿದ್ದೆ. ಜೊತೆಗಿದ್ದ ನೆಂಟರು ಮೊಬೈಲ್ ತೋರಿಸಿದರು. "ನೋಡ್ಲಾ, ಆಕಾಶದಲ್ಲಿ ಶಿವ, ಶಕ್ತಿ ಸಿಕ್ಕವ್ರಂತೆ!" ಅವರ ಮಗಳು ಕೇಳಿದಳು, "ಹೆಂಗೆ ಕಂಡುಹಿಡಿದ್ರಪ್ಪಾ?" ಉತ್ತರ: "ನಮ್ಮೋರಿಗೆ ಆವತ್ತೇ ಗೊತ್ತಿತ್ತು ಕಣಮ್ಮ." ಮಗು ಸುಮ್ಮನಾಯಿತು. ನನಗೆ ರೇಗಿದ್ದು ಅಲ್ಲೇ.

ನಡೆದದ್ದು ಇಷ್ಟು. 2024ರಲ್ಲಿ ಖ್ಯಾತಿ ಮಲ್ಹಾನ್ ಮತ್ತು ಹಾನ್ಸ್-ವಾಲ್ಟರ್ ರಿಕ್ಸ್ ನಮ್ಮ ಕ್ಷೀರಪಥದಲ್ಲಿ ಎರಡು ಹಳೇ ನಕ್ಷತ್ರ ಸಮೂಹಗಳನ್ನು ಗುರುತಿಸಿ ಆ ಹೆಸರಿಟ್ಟರು. ಹೆಸರು ಪುರಾಣದ್ದು, ಕೆಲಸ ಅಳತೆಯದ್ದು. ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಜಾಗ, ಚಲನೆ ಅಳೆದದ್ದು 2014ರಿಂದ 2025ರ ಜನವರಿವರೆಗೆ ದುಡಿದ ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕ.

ಹೆಂಗೆ ಕಂಡುಹಿಡಿದ್ರು? ದೊಡ್ಡ ಗ್ಯಾಲಕ್ಸಿಯ ಹತ್ತಿರ ಬಂದ ಚಿಕ್ಕ ಗ್ಯಾಲಕ್ಸಿಯ ಈಚೆ ಮಗ್ಗುಲಿಗೆ ಸೆಳೆತ ಜಾಸ್ತಿ, ಆಚೆ ಮಗ್ಗುಲಿಗೆ ಕಡಿಮೆ. ಚಿಕ್ಕದು ಹರಿದು, ನಕ್ಷತ್ರಗಳು ಉದ್ದನೆಯ ಎಳೆಯಾಗಿ ಹರಡುತ್ತವೆ. ಕಾಲ ಕಳೆದಂತೆ ಎಳೆಯೂ ಬೆರೆತುಹೋಗುತ್ತದೆ. ಆದರೆ ಜಾತ್ರೆಯಲ್ಲಿ ಬೆರೆತ ಜನರನ್ನು ನಡಿಗೆ, ಮಾತು ನೋಡಿ ಯಾವ ಊರಿನವರು ಅನ್ನುವುದಿಲ್ಲವೇ? ನಕ್ಷತ್ರದ ನಡಿಗೆ ಅಂದರೆ ಚಲನೆ, ಮಾತು ಅಂದರೆ ಅದರೊಳಗಿನ ರಾಸಾಯನಿಕ ಧಾತುಗಳು.

ಇನ್ನೂ ಮಜಾ ಇದೆ. 2006ರಲ್ಲಿ ಸಿಕ್ಕ ಜಿಡಿ-1 ಎಂಬ ತೆಳು ಎಳೆಯಲ್ಲಿ ಒಂದು ಕಡೆ ಕಂಡಿ ಬಿದ್ದಿದೆ, ಪಕ್ಕಕ್ಕೊಂದು ಕವಲು ಚಾಚಿದೆ. 2018ರಲ್ಲಿ ಇದು ಗಾಯಾ ಮಾಹಿತಿಯಲ್ಲಿ ಸ್ಪಷ್ಟವಾಯಿತು. ಕಣ್ಣಿಗೆ ಕಾಣದ ಯಾವುದೋ ಭಾರದ ವಸ್ತು, ಬಹುಶಃ ಡಾರ್ಕ್ ಮ್ಯಾಟರ್‌ನ ಮುದ್ದೆ, ಅಲ್ಲಿ ನುಗ್ಗಿ ಹೋಗಿರಬಹುದು. ಕಬ್ಬಾಳಿನ ರೈತರಿಗೆ ಇದನ್ನು ವಿವರಿಸಲೇಬೇಕಿಲ್ಲ. ರಾತ್ರಿ ಬಂದ ಆನೆಯನ್ನು ಅವರು ನೋಡಿರಲ್ಲ. ಬೆಳಗ್ಗೆ ರಾಗಿ ಹೊಲದಲ್ಲಿ ಬಿದ್ದ ದಾರಿ ನೋಡ್ತಾರೆ, ಹೆಜ್ಜೆ ನೋಡ್ತಾರೆ, ಒಂದೋ ಎರಡೋ ಅಂತ ಲೆಕ್ಕ ಹಾಕ್ತಾರೆ.

ಮಲ್ಹಾನ್, ರಿಕ್ಸ್ ತಮ್ಮ ಲೇಖನದಲ್ಲೇ ಎರಡು ಸಾಧ್ಯತೆ ಇಟ್ಟಿದ್ದಾರೆ: ಇವು ಕ್ಷೀರಪಥ ಹುಟ್ಟುವಾಗ ಒಂದಾದ ತುಣುಕುಗಳಿರಬಹುದು, ಇಲ್ಲವೇ ಕ್ಷೀರಪಥದ ನಡುವೆ ತಿರುಗುವ ನಕ್ಷತ್ರಗಳ ಪಟ್ಟಿ ಈ ಗುಂಪುಗಳನ್ನು ಹೀಗೆ ಕೂಡಿಸಿರಬಹುದು. ಕಂಡುಹಿಡಿದವರಿಗೇ ಅನುಮಾನ ಇದೆ ಸ್ವಾಮಿ, ಫಾರ್ವರ್ಡ್ ಮಾಡೋರಿಗೆ ಮಾತ್ರ ಇಲ್ಲ!

ಹಿರಿಯರನ್ನು ಹಳಿಯುತ್ತಿಲ್ಲ. ಹೆಜ್ಜೆ ನೋಡಿ ಆನೆ ಎಣಿಸಿದವರೂ ನಮ್ಮ ಹಿರಿಯರೇ. ಅವರು ಹೊಲಕ್ಕೆ ಹೋಗಿ ನೋಡಿದರು, ಮನೆಯಲ್ಲಿ ಕೂತು "ಆವತ್ತೇ ಗೊತ್ತಿತ್ತು" ಅನ್ನಲಿಲ್ಲ. ವಾಪಸ್ ಬರುವಾಗ ಆ ಮಗುವಿಗೆ ಆನೆಯ ಕತೆ ಹೇಳಿದೆ. ಕನಕಪುರ ಬರೋವರೆಗೂ ಪ್ರಶ್ನೆ ನಿಲ್ಲಲಿಲ್ಲ...

ನಿಮ್ಮ ಮನೆ ಮಕ್ಕಳು "ಹೆಂಗೆ?" ಅಂದಾಗ ನೀವೇನಂತೀರಿ?