ಹಳೆಯ ಹಾಡು ಕೋಲಾಟಕ್ಕೆ ಒಪ್ಪುವದೇ?

ಗೌರೀ ಹುಣ್ಣಿವೆ ಹತ್ತಿರ ಬಂದಿತೆಂದರೆ ಹುಬ್ಬಳ್ಳಿ-ಧಾರವಾಡಗಳ ಮನೆಗಳಲ್ಲಿ ಸಕ್ಕರೆ ಆರತಿಯ ಅಚ್ಚುಗಳು ಹೊರಬೀಳುತ್ತವೆ. ಅವುಗಳ ಬೆನ್ನಿಗೆ, ಅಟ್ಟದ ಮೇಲೆ ವರ್ಷವೆಲ್ಲ ಮಲಗಿದ್ದ ಕೋಲುಗಳೂ ಕೆಳಗಿಳಿಯುತ್ತವೆ. ಕೋಲುಗಳ ಸಂಗಡ ಒಂದು ವಾದವೂ ಇಳಿದು ಬರುವದು ಈಚಿನ ವರ್ಷಗಳ ರೂಢಿಯಾಗಿದೆ. ಹಳೆಯ ಹಾಡುಗಳು ಕೋಲಾಟಕ್ಕೆ ಒಪ್ಪುವವೋ ಇಲ್ಲವೋ ಎಂಬದೇ ಆ ವಾದ. ಹಿರಿಯರು ಒಪ್ಪುವವೆನ್ನುತ್ತಾರೆ, ಕಿರಿಯರು ಸಿನೇಮಾದ ಹಾಡನ್ನು ಹಚ್ಚಿ ತಮ್ಮ ಉತ್ತರವನ್ನು ಹೇಳಿಬಿಡುತ್ತಾರೆ. ಈ ತಿಂಗಳು ಈ ವಿಷಯವನ್ನು ವಾಚಕರೊಡನೆ ಕೂಡಿ ಸ್ವಲ್ಪ ವಿಚಾರಿಸೋಣ.

ಹೋದ ವರ್ಷ ನಮ್ಮ ಓಣಿಯಲ್ಲಿ ನಡೆದ ಸಂಗತಿಯಿದು. ಹತ್ತು-ಹನ್ನೆರಡು ಹುಡುಗಿಯರು ಕೋಲಾಟ ಕಲಿಯಲೆಂದು ಕೂಡಿದರು. ಎಂಬತ್ತು ದಾಟಿದ ಒಬ್ಬ ಅಜ್ಜಿಯವರನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿ, "ಅಜ್ಜೀ, ಯಾವದಾದರೂ ಒಂದು ಹಳೇ ಹಾಡು ಹೇಳ್ರಿ" ಎಂದರು. ಅಜ್ಜಿ ಕಣ್ಣು ಮುಚ್ಚಿ ತಾಯಿಯ ಮನೆಯ ಹಾಡೊಂದನ್ನು ಎತ್ತಿದರು. ಕಂಠ ಇಂಪಾಗಿತ್ತು, ಆದರೆ ಕೋಲುಗಳು ಕೂಡಲೊಲ್ಲವು. ಒಬ್ಬಳ ಕೋಲು ಗಾಳಿಗೆ ಬಿತ್ತು, ಮತ್ತೊಬ್ಬಳದು ಗೆಳತಿಯ ಬೆರಳಿಗೆ. ನಾಲ್ಕು ಸಲ ಹೀಗಾದ ಮೇಲೆ ಒಬ್ಬ ಹುಡುಗಿ, "ಅಜ್ಜೀ, ನಿಮ್ಮ ಹಾಡು ಭಾಳ ಚಲೋ ಅದ, ಆದರ ಕೋಲಿಗೆ ಕೂಡೂದಿಲ್ಲ" ಎಂದಳು. ಮರುದಿನದಿಂದ ಧ್ವನಿವರ್ಧಕ ಬಂದಿತು. ಅಜ್ಜಿಯವರು ತಮ್ಮ ಮನೆಯ ಕಿಡಕಿಯಿಂದಲೇ ನೋಡತೊಡಗಿದರು.

ತಪ್ಪು ಯಾರದು? ಇದನ್ನು ತಿಳಿಯಬೇಕಾದರೆ ಕೋಲಾಟವು ಹಾಡಿನಿಂದ ಏನನ್ನು ಬೇಡುವದೆಂಬದನ್ನು ಮೊದಲು ನೋಡಬೇಕು. ಕೋಲಾಟದಲ್ಲಿ ಆಡುವವಳು ತನ್ನ ಕೋಲುಗಳನ್ನು ತಾನು ತಾಕಿಸಿ, ಎದುರಿನವಳ ಕೋಲಿಗೆ ತಾಕಿಸಿ, ಹೊರಳಿ ಮುಂದಿನವಳಿಗೆ ಎದುರಾಗುತ್ತಾಳೆ. ಒಳಸುತ್ತು ಒಂದು ಕಡೆಗೆ, ಹೊರಸುತ್ತು ಇನ್ನೊಂದು ಕಡೆಗೆ ಸಾಗುವದುಂಟು. ನಾಲ್ಕು ಇಲ್ಲವೆ ಎಂಟು ಏಟಿಗೊಮ್ಮೆ ಒಂದು ತಿರುವು. ಆ ತಿರುವು ಬಂದಿತೆಂದು ಎಲ್ಲರಿಗೂ ಒಂದೇ ಕ್ಷಣದಲ್ಲಿ ತಿಳಿಯಬೇಕು. ಹಾಗೆ ತಿಳಿಸುವದು ಹಾಡಿನ ಕೆಲಸ. ಆದ್ದರಿಂದಲೇ ಕೋಲಿನ ಹಾಡುಗಳಲ್ಲಿ ಸಾಲುಗಳು ಗಿಡ್ಡವಾಗಿಯೂ ಸಮವಾಗಿಯೂ ಇರುತ್ತವೆ. ಮುಂದಾಳು ಒಂದು ನುಡಿ ಹೇಳಿದೊಡನೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಬಂದಿತೆಂದರೆ ಕಾಲು ತಾನಾಗಿಯೇ ಹೊರಳುತ್ತದೆ. ಬಾಯಿಯಲ್ಲಿ ಎಣಿಸುವ ಕಾರಣವಿಲ್ಲ.

ಇನ್ನು ಅಜ್ಜಿಯವರು ಹಾಡಿದ್ದೇನು? ಅದು ತ್ರಿಪದಿ. 1931ರಲ್ಲಿ ಹಲಸಂಗಿಯ ಗೆಳೆಯರು "ಗರತಿಯ ಹಾಡು" ಎಂಬ ಸಂಗ್ರಹವನ್ನು ಹೊರತಂದು ಕನ್ನಡಿಗರೆಲ್ಲರ ಮುಂದಿಟ್ಟದ್ದು ಇಂಥ ಹಾಡುಗಳನ್ನೇ. ತ್ರಿಪದಿಗೆ ಮೂರು ಸಾಲು, ಒಟ್ಟು ಹನ್ನೊಂದು ಗಣ. ಕೊನೆಯ ಸಾಲು ಮೊದಲಿನೆರಡಕ್ಕಿಂತ ಗಿಡ್ಡ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವದುಂಟು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕೆಂಬದು ಹಾಡುವವಳ ಉಸಿರಿಗೆ ಬಿಟ್ಟದ್ದು. ಬೀಸುವ ಕಲ್ಲಿನ ಮುಂದೆ ಇದಕ್ಕಿಂತ ಒಪ್ಪುವ ಹಾಡು ಬೇರಿಲ್ಲ. ಕಲ್ಲು ಒಂದೇ ಸವನೆ ತಿರುಗುತ್ತದೆ. ಹಾಡು ಎಲ್ಲಿ ಮುಗಿದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಕೋಲು ಕಲ್ಲಲ್ಲ. ಎದುರಿಗೆ ಇನ್ನೊಬ್ಬಳ ಕೈಯಿದೆ. ಅಜ್ಜಿಯ ಹಾಡು ಹಳೆಯದಾದ್ದರಿಂದ ಕೂಡದೆ ಹೋಗಲಿಲ್ಲ. ಕಲ್ಲಿನ ಹಾಡನ್ನು ಕೋಲಿಗೆ ತಂದದ್ದರಿಂದ ಕೂಡದೆ ಹೋಯಿತು.

ಒಬ್ಬನೇ ಕವಿಯ ಪದಗಳಲ್ಲಿಯೂ ಈ ಭೇದವನ್ನು ಕಾಣಬಹುದು. ಶಿಶುನಾಳ ಶರೀಫ ಸಾಹೇಬರು (1819-1889) ನಮ್ಮ ಭಾಗದವರೇ. ಅವರ ತತ್ತ್ವಪದಗಳನ್ನು ಭಜನೆಯ ಮೇಳದವರು ಏಕತಾರಿ, ತಾಳ, ದಮ್ಮಡಿಗಳೊಡನೆ ಕುಳಿತು ಹಾಡುತ್ತಾರೆ. ಕೇಳುವವರು ಒಳಗಿನ ಅರ್ಥಕ್ಕೆ ಕಿವಿಗೊಡುತ್ತಾರೆ. ಅದೇ ಶರೀಫರು ಮೊಹರಮ್ಮಿನ ರಿವಾಯತ ಪದಗಳನ್ನೂ ಕಟ್ಟಿದ್ದಾರೆ. ಮೊಹರಮ್ಮಿನಲ್ಲಿ ಹಳ್ಳಿಯ ಹೆಜ್ಜೆಮೇಳದವರು ಇಂಥ ರಿವಾಯತಗಳನ್ನು ಹಾಡುತ್ತ ಸಾಲುಗಟ್ಟಿ ಹೆಜ್ಜೆ ಹಾಕುತ್ತಾರೆ. ಕವಿ ಒಬ್ಬ, ಕಾಲ ಒಂದು, ಭಾಷೆ ಒಂದು. ಒಂದು ಪದ ಕುಳ್ಳಿರಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ. ತತ್ತ್ವಪದಕ್ಕೆ ಕೋಲು ಹಾಕಿದರೆ ಆಟವೇನೋ ನಡೆದೀತು. ಆದರೆ ಕಟಕಟ ಸಪ್ಪಳದಲ್ಲಿ ಮಾತು ಮುಳುಗಿಹೋಗುವದು. ಆ ನಷ್ಟ ಪದಕ್ಕೇ ಹೊರತು ಆಟಕ್ಕಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರ ಗಾಯನವನ್ನು ಕುಳಿತು ಕೇಳಿ ಪಳಗಿದ ಊರು ನಮ್ಮದು. ವಿಲಂಬಿತ ಖ್ಯಾಲಿನಲ್ಲಿ ಸಮ್ಮು ಬರುವವರೆಗೆ ಕಾಯುವ ಸುಖವನ್ನು ಬಲ್ಲವರಿಗೆ, ಕಾಯಲಾರದ ಕಾಲಿನ ಕಷ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಈ ತೊಡಕು ನಮ್ಮದೊಂದೇ ಅಲ್ಲ. ದೂರದ ಅಮೇರಿಕೆಯಲ್ಲಿ ಕಾಂಟ್ರಾ ಎಂಬ ಸಮೂಹನೃತ್ಯವಿದೆ. ಜೋಡಿಗಳು ಎದುರುಬದುರು ಸಾಲಾಗಿ ನಿಂತು, ಅರುವತ್ತುನಾಲ್ಕು ಎಣಿಕೆಯಲ್ಲಿ ಒಂದು ಆವರ್ತ ಮುಗಿಸಿ, ಹೊಸ ಜೋಡಿಗೆ ಎದುರಾಗುತ್ತಾರೆ. ಆ ದೇಶದ ಗುಡ್ಡಗಾಡಿನ ಹಳೆಯ ಪಿಟೀಲು-ಬ್ಯಾಂಜೋ ವಾದನ ಇದಕ್ಕೆ ಒಪ್ಪುವದೇ ಎಂಬ ಚರ್ಚೆ ಅಲ್ಲಿಯೂ ಉಂಟು. ಅರುವತ್ತುನಾಲ್ಕಕ್ಕೆ ಸರಿಯಾಗಿ ಕೂಡುವ ಹಳೆಯ ಮಟ್ಟುಗಳು ಬೇಕಾದಷ್ಟಿವೆ. ಕೆಲವು ಮಟ್ಟುಗಳಲ್ಲಿ ಮಾತ್ರ ಒಂದೆರಡು ಎಣಿಕೆ ಹೆಚ್ಚು ಇಲ್ಲವೆ ಕಡಿಮೆ. ಅವನ್ನು ಅಲ್ಲಿಯವರು ಡೊಂಕು ಮಟ್ಟುಗಳೆಂದು ಕರೆಯುತ್ತಾರೆ. ಡೊಂಕು ಮಟ್ಟು ಕೇಳಲು ರುಚಿ, ಆದರೆ ಈ ನೃತ್ಯಕ್ಕೆ ತೊಡಕು. ಅಜ್ಜಿಯ ತ್ರಿಪದಿಯೂ ಕೋಲಿನ ಮಟ್ಟಿಗೆ ಇಂಥದೇ ಒಂದು ಡೊಂಕು ಮಟ್ಟು.

ಹಾಗಾದರೆ ಧ್ವನಿವರ್ಧಕದ ಹಾಡು ಸರಿಯಾಯಿತೇ? ನಮ್ಮ ಹುಡುಗಿಯರು ಅದನ್ನೂ ನೋಡಿದರು. ಅದರಲ್ಲಿ ಬಡಿತವೇನೋ ತಪ್ಪುವದಿಲ್ಲ. ಆದರೆ ನಡುನಡುವೆ ಬರುವ ವಾದ್ಯದ ತುಣುಕುಗಳು ಒಂದೊಂದು ಒಂದೊಂದು ಉದ್ದ. ಯಾವಾಗ ಹೊರಳಬೇಕೆಂಬದು ತಿಳಿಯದೆ ಹುಡುಗಿಯರು ಒಂದೇ ಬಗೆಯ ಏಟನ್ನು ಕೊನೆಯವರೆಗೆ ಹಾಕುತ್ತ ನಿಂತರು. ಎರಡನೆಯದಾಗಿ, ಯಂತ್ರ ಯಾರಿಗೂ ಕಾಯುವದಿಲ್ಲ. ಆರು ವರ್ಷದ ಮಗುವೊಂದು ಕೋಲು ಬೀಳಿಸಿ ಬಗ್ಗಿತು; ಅದು ತಲೆಯೆತ್ತುವಷ್ಟರಲ್ಲಿ ಆಟ ಅದನ್ನು ಬಿಟ್ಟು ಮುಂದೆ ಹೋಗಿತ್ತು. ಹಾಡುವವರು ಎದುರಿಗಿದ್ದರೆ ಸೊಲ್ಲನ್ನು ಇನ್ನೊಂದು ಸಲ ಹೇಳಿಸಿ ಆ ಮಗುವನ್ನು ಸುತ್ತಿಗೆ ಸೇರಿಸಿಕೊಳ್ಳುತ್ತಾರೆ. ನವರಾತ್ರಿಯಲ್ಲಿ ಹುಬ್ಬಳ್ಳಿಯ ಗುಜರಾತಿ ಮನೆತನಗಳವರು ಆಡುವ ದಾಂಡಿಯಾವನ್ನು ಕಂಡು ನಮ್ಮವರು ಹಿಗ್ಗುತ್ತಾರೆ, ಹಿಗ್ಗತಕ್ಕದ್ದೇ. ಆದರೆ ಅವರ ಕೋಲಿನ ಹಿಂದೆಯೂ ಕೋಲಿಗೆಂದೇ ಹುಟ್ಟಿದ ಹಳೆಯ ಹಾಡುಗಳಿವೆಯೆಂಬದನ್ನು ಮರೆಯಬಾರದು.

ಹಬ್ಬಕ್ಕೆ ಎಂಟು ದಿನ ಉಳಿದಾಗ ಒಬ್ಬ ತಾಯಿ ಅಜ್ಜಿಯವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದಳು. ಅಜ್ಜಿ ನಕ್ಕರು. "ನಾ ಹೇಳಿದ್ದು ಬೀಸೂ ಹಾಡವಾ. ಕೋಲಿನ ಹಾಡು ಬ್ಯಾರೆನ ಅವ. ಹಳೇದು ಅಂತ ಕೇಳಿದರು, ಹಳೇದು ಹೇಳಿದೆ. ಕೋಲಿಂದು ಬೇಕು ಅಂತ ಯಾರು ಕೇಳಿದರು?" ಎಂದರು. ಮರುದಿನ ಕುರ್ಚಿ ಮತ್ತೆ ಅಂಗಳಕ್ಕೆ ಬಂದಿತು. ಈ ಸಲ ಅಜ್ಜಿ ಕಣ್ಣು ಮುಚ್ಚಲಿಲ್ಲ. ಹುಡುಗಿಯರ ಕಾಲುಗಳನ್ನೇ ನೋಡುತ್ತ ಹಾಡಿದರು. ಎರಡನೆಯ ನುಡಿಗೆ ಕೋಲು ಕೂಡಿದವು. ಆದರೆ ಅವರಿಗೆ ನೆನಪಿದ್ದ ಕೋಲಿನ ಹಾಡುಗಳು ಐದು ಮಾತ್ರ. ಇನ್ನೂ ಹತ್ತಾರು ಇದ್ದವೆಂದೂ ಕೂಡಿ ಹಾಡುವವರಿಲ್ಲದೆ ಮರೆತುಹೋದವೆಂದೂ ಹೇಳಿದರು.

ಆದಕಾರಣ ಗೃಹಿಣಿಯರಲ್ಲಿ ನಮ್ಮ ವಿನಂತಿಯಿಷ್ಟೆ. ಹಾಡನ್ನು ಆರಿಸುವಾಗ ಅದರ ವಯಸ್ಸನ್ನು ಕೇಳಬೇಡಿರಿ. ಅದು ಯಾವ ಕೆಲಸಕ್ಕೆ ಹುಟ್ಟಿತೆಂಬದನ್ನು ಕೇಳಿರಿ. ಮೊದಲು ಕೈಚಪ್ಪಾಳೆಯಿಂದ ಹಾಡಿ ನೋಡಿರಿ: ಸಾಲುಗಳು ಸಮವಾಗಿ ಮುಗಿದು ಸೊಲ್ಲು ಸ್ಪಷ್ಟವಾಗಿ ಬಂದರೆ ಅದು ಕೋಲಿಗೆ ಒಪ್ಪುವದು. ಎಳೆದೆಳೆದು ಹಾಡುವಂಥದಿದ್ದರೆ, ಕೋಲು ಕೆಳಗಿಟ್ಟು ಅದನ್ನು ಕುಳಿತು ಕೇಳಿರಿ. ಹಾಡುವವರು ಆಡುವವರ ಕಾಲು ಕಾಣುವಲ್ಲಿ ಕೂಡಲಿ. ನಿಮ್ಮ ಮನೆಯಲ್ಲಿ ಅಜ್ಜಿಯವರಿದ್ದರೆ ಈ ಹುಣ್ಣಿವೆಯ ಮೊದಲೇ ಒಂದು ಸಂಜೆ ಅವರ ಬಳಿ ಕುಳಿತು, ಕಲ್ಲಿನ ಹಾಡು ಯಾವದು, ತೊಟ್ಟಿಲ ಹಾಡು ಯಾವದು, ಕೋಲಿನ ಹಾಡು ಯಾವದು ಎಂದು ಬೇರೆಬೇರೆಯಾಗಿ ಕೇಳಿ ಬರೆದಿಟ್ಟುಕೊಳ್ಳಿರಿ. ನಮ್ಮ ಓಣಿಯ ಐದು ಹಾಡುಗಳು ಈಗ ಒಂದು ವಹಿಯಲ್ಲಿವೆ; ಆರನೆಯದು ನೆನಪಾದೀತೆಂದು ಹುಡುಗಿಯರು ಇಂದಿಗೂ ಸಂಜೆಗೊಮ್ಮೆ ಅಜ್ಜಿಯವರ ಕಿಡಕಿಯ ಹತ್ತಿರ ಹೋಗಿ ಬರುತ್ತಾರೆ.