ಇನ್ನೂ ಒಂಬತ್ತು ಮೆಷೀನು ಬಾಕಿ

ಹೋದ ಸಲ ಊರಿಗೆ ಹೋದಾಗ, ಕುಣಿಗಲ್‌ನ ಒಂದು ಶಾಲೆಯ ಮೇಷ್ಟ್ರು ಕಂಪ್ಯೂಟರ್ ರೂಮು ತೋರಿಸಿದರು. ಹತ್ತು ಹಳೇ ಮೆಷೀನು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಇವುಗಳಿಗೆ ಹತ್ತೋದಿಲ್ಲ. "ಲಿನಕ್ಸ್ ಹಾಕಿ ಕೊಡ್ತೀನಿ ಬಿಡಿ ಸಾರ್" ಅಂದೆ, ಬೆಂಗಳೂರಿನ ಗತ್ತಿನಲ್ಲಿ.

ಒಂದಕ್ಕೆ ಹಾಕಿದೆ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ನುಡಿ ಥರ ಕನ್ನಡ ಟೈಪ್ ಮಾಡೋದು ಹೇಗಪ್ಪ?" ಅದಕ್ಕೆ ಇನ್ನಷ್ಟು ಪ್ಯಾಕೇಜು ಇಳಿಸಬೇಕು. ಅವರ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕಿಟಕಿ ಪಕ್ಕ ನಿಂತು ಒಂದು ಮುಗಿಸುವಷ್ಟರಲ್ಲಿ ಸಂಜೆ. "ಮಿಕ್ಕಿದ್ದು ಮುಂದಿನ ಸಲ" ಅಂತ ಬಸ್ ಹತ್ತಿದೆ.

ನಾಚಿಕೆಯಾಗಿದ್ದು ಬಸ್ಸಿನಲ್ಲಿ. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಡಾಕರ್ ಇಮೇಜ್ ಕಟ್ಟುವವನು ನಾನು. ಬೇಕಾದ್ದೆಲ್ಲ ಮೊದಲೇ ತುಂಬಿದ ಒಂದು ಐಎಸ್‌ಒ ಕಟ್ಟಿ, ಪೆನ್‌ಡ್ರೈವಿಗೆ ಹಾಕಿ ತರೋಕೆ ಏನಾಗಿತ್ತು?

"ಕನ್ನಡದಲ್ಲಿ ಏನೂ ಇಲ್ಲ ಗುರೂ" ಅನ್ನೋದು ಸೋಮಾರಿಗಳ ಮಾತು. ಡೆಬಿಯನ್‌ನ ಇನ್‌ಸ್ಟಾಲರ್ ಕನ್ನಡದಲ್ಲೇ ಮಾತಾಡುತ್ತೆ. ಗುಬ್ಬಿ, ನವಿಲು ಫಾಂಟುಗಳು ಅದರ ಭಂಡಾರದಲ್ಲೇ ಇವೆ (ಗುಬ್ಬಿ ಅಂದ್ರೆ ನಮ್ಮ ಪಕ್ಕದ ತಾಲ್ಲೂಕಲ್ಲ, ಹಕ್ಕಿ). ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಇದೆ. ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಮಾಡಿಟ್ಟ ಕೆಲಸ. ಅಡುಗೆ ಸಾಮಾನು ಎಲ್ಲ ಇದೆ, ಒಲೆ ಹಚ್ಚೋರಿಲ್ಲ. ಲೈವ್-ಬಿಲ್ಡ್ ಅನ್ನೋ ಸಾಧನಕ್ಕೆ ಪ್ಯಾಕೇಜುಗಳ ಪಟ್ಟಿ ಒಂದು ಫೈಲಿನಲ್ಲಿ ಬರೆದುಕೊಟ್ಟು, ಇನ್‌ಸ್ಟಾಲರ್ ಸೇರಿಸು ಅಂದರೆ ಐಎಸ್‌ಒ ಕೈಗೆ ಬರುತ್ತೆ. ಆಮೇಲೆ ಹತ್ತು ಮೆಷೀನಿಗೂ ಇಂಟರ್‌ನೆಟ್ ಬೇಡ.

"ಸರ್ಕಾರ ಮಾಡಲಿ" ಅಂತೀರಾ? ಮಾಡಬೇಕು. ಪಕ್ಕದ ಕೇರಳದಲ್ಲಿ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಓಎಸ್ ಸಿದ್ಧ ಮಾಡಿ ಕೊಡುತ್ತೆ. ನಾವೂ ಕೇಳೋಣ. ಆದರೆ ಅಲ್ಲಿವರೆಗೆ ಮಕ್ಕಳು ಕಾಯಬೇಕೇ?

"ಇನ್ನೊಂದು ಡಿಸ್ಟ್ರೋ ಯಾಕೆ?" ಅನ್ನೋದು ನ್ಯಾಯವಾದ ಪ್ರಶ್ನೆ. ಖಂಡಿತ ಬೇಡ. ಹೊಸ ಹೆಸರು, ಲೋಗೋ, ಹಂಪಿಯ ವಾಲ್‌ಪೇಪರ್, ಬಿಡುಗಡೆ ಸಮಾರಂಭ ಯಾವುದೂ ಬೇಡ. ಅಂಥವು ಉದ್ಘಾಟನೆಯ ದಿನ ಹುಟ್ಟಿ ಮೊದಲ ಸೆಕ್ಯುರಿಟಿ ಅಪ್‌ಡೇಟಿಗೇ ಸಾಯುತ್ತವೆ. ಐಎಸ್‌ಒ ತಿಂಗಳೊಪ್ಪತ್ತಿನಲ್ಲಿ ಹಳಸುತ್ತೆ, ಅದು ಊಟ ಇದ್ದ ಹಾಗೆ. ಉಳಿಯೋದು ಪಾಕಪಟ್ಟಿ. ಅದನ್ನ ಎಲ್ಲರಿಗೂ ಸಿಗುವ ಹಾಗೆ ಇಡಿ. ನೀವು ಕೆಲಸ ಬದಲಿಸಿ ಅಮೆರಿಕಕ್ಕೆ ಹಾರಿದರೂ ಇನ್ನೊಬ್ಬರು ಹೊಸ ಡೆಬಿಯನ್ ಮೇಲೆ ಮತ್ತೆ ಕಟ್ಟಿಕೊಳ್ಳಲಿ. ಅಪ್‌ಡೇಟಿನ ಭಾರ ಡೆಬಿಯನ್ ಹೊರುತ್ತೆ.

ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಕುದುರೆ ಬೆಳೆಸೋದು ಇಲ್ಲಿ, ಓಡಿಸೋದು ಬೇರೆ ಊರಿನ ರೇಸಿನಲ್ಲಿ. ನಮ್ಮನ್ನೂ ಹಾಗೇ ಬೆಳೆಸಿ ಕಳಿಸಿದ್ದಾರೆ. ಆದರೆ ನಮ್ಮ ಮೂಗಿಗೆ ಲಗಾಮಿಲ್ಲ, ವಾಪಸ್ ಬಸ್ ಹತ್ತಬಹುದು.

ನನ್ನ ಐಎಸ್‌ಒ ಸಿದ್ಧವಾಗಿದೆ. ಶನಿವಾರ ಹೊರಡ್ತೀನಿ. ನಿಮ್ಮೂರಿನ ಶಾಲೆಯಲ್ಲಿ ಎಷ್ಟು ಮೆಷೀನು ಇವೆ?