ಒಂದು ಹಗಲಿಗೆ ಆರು ಊರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವುದನ್ನೂ ಓದುವುದನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಅರ್ಥವಿದೆ. ಪುಟಗಳನ್ನು ಬೆರಳಿನಿಂದ ಸರಸರನೆ ತಿರುವಿಹಾಕಿದವನು ಗ್ರಂಥವನ್ನು ಓದಿದೆನೆಂದು ಹೇಳಿಕೊಳ್ಳಲಾರ. ಹಾಗೆಯೇ ಊರುಗಳನ್ನು ವಾಹನದ ಕಿಟಕಿಯಿಂದ ತಿರುವಿಹಾಕಿದವನು ದೇಶವನ್ನು ಸುತ್ತಿದೆನೆಂದು ಹೇಳಿಕೊಳ್ಳಲಾರ. ಇಷ್ಟು ಸರಳವಾದ ವಿವೇಕವನ್ನು ಮರೆಸಿ, ಮರೆವಿಗೇ ಬೆಲೆ ಕಟ್ಟಿ ಮಾರುವ ಒಂದು ವ್ಯಾಪಾರ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಭರದಿಂದ ನಡೆದಿದೆ. ಅದರ ಹೆಸರು ಖಾಸಗಿ ಏಕದಿನ ಪ್ರವಾಸ.

ಅದರ ಕ್ರಮ ಹೀಗೆ. ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನ ಬಾಗಿಲಿಗೆ ಹೊಳೆಯುವ ವಾಹನವೊಂದು ಬಂದು ನಿಲ್ಲುತ್ತದೆ. ಚಾಲಕನೇ ಮಾರ್ಗದರ್ಶಿ. ಸಂಜೆ ಐದರೊಳಗೆ ನೀಸ್, ಎಜ್, ಮೊನಾಕೊ, ಆಂಟೀಬ್, ಕಾನ್, ಸೇಂಟ್ ಪಾಲ್ ದ ವಾನ್ಸ್ ಎಂಬ ಆರು ಊರುಗಳು ಮುಗಿಯುತ್ತವೆ. ನಾಲ್ಕು ಕಡಲತೀರದ ವೈಭವದ ಪಟ್ಟಣಗಳು, ಎರಡು ಬೆಟ್ಟದ ಮೇಲಿನ ಹಳೆಯ ಕೋಟೆಹಳ್ಳಿಗಳು. ಇದಕ್ಕೆ ತೆರುವ ಹಣ ನೂರಾರು ಯೂರೋಗಳು. ಮರಳಿ ಬಂದವರು ಆರೂ ಊರುಗಳನ್ನು ನೋಡಿದೆವೆನ್ನುತ್ತಾರೆ. ಅವರು ಒಂದನ್ನೂ ನೋಡಿಲ್ಲವೆಂಬುದು ನನ್ನ ವಾದ. ಹಣ ತೆತ್ತವರು ತಮಗೆ ತಾವೇ ಮಾಡಿಕೊಂಡ ಈ ವಂಚನೆ ಅಲ್ಲಿ ಬಾಳುವ ಜನರಿಗೂ ಅನ್ಯಾಯವಾಗಿ ಪರಿಣಮಿಸುತ್ತದೆ ಎಂಬುದು ವಾದದ ಉತ್ತರಾರ್ಧ.

ಎಲ್ಲಿಯೋ ದೂರದ ಕಡಲತೀರದ ಮಾತು ನಮಗೇಕೆ ಎಂದು ಧರ್ಮಬಂಧುಗಳು ಕೇಳಬಹುದು. ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಯೂರೋಪಿನ ನಗರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಬೇಸಿಗೆಯಲ್ಲಿ ತಂದೆತಾಯಿಗಳು ಅವರಲ್ಲಿಗೆ ಹೋಗುತ್ತಾರೆ. ಇರುವ ಕೆಲವೇ ದಿನಗಳಲ್ಲಿ ಹೆತ್ತವರಿಗೆ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಂಬಲ ಮಕ್ಕಳದು. ಮಕ್ಕಳ ಮನಸ್ಸು ನೋಯಬಾರದೆಂದು ಮಂಡಿನೋವನ್ನು ನುಂಗಿಕೊಂಡು ವಾಹನವನ್ನೇರುವ ಸಂಕೋಚ ಹೆತ್ತವರದು. ಎರಡೂ ಪ್ರೀತಿಯೇ. ಅಂಥ ಪ್ರೀತಿಯನ್ನು ವ್ಯಾಪಾರವು ಹೇಗೆ ಬಳಸಿಕೊಳ್ಳುತ್ತದೆಂಬುದನ್ನು ತಿಳಿಯುವುದು ಗೃಹಸ್ಥನ ಕರ್ತವ್ಯವೇ ಆಗಿದೆ.

ಮೊದಲು ಲೆಕ್ಕವನ್ನೇ ಹಾಕೋಣ. ಒಂಬತ್ತರಿಂದ ಐದಕ್ಕೆ 8 ಗಂಟೆ. ಊಟಕ್ಕೆ ಒಂದು ಗಂಟೆ ತೆಗೆಯಿರಿ. ನೀಸ್ ನಗರದಿಂದ ಎಜ್ ಮತ್ತು ಮೊನಾಕೊ ಪೂರ್ವಕ್ಕೆ; ಆಂಟೀಬ್ ಮತ್ತು ಕಾನ್ ಪಶ್ಚಿಮಕ್ಕೆ; ಸೇಂಟ್ ಪಾಲ್ ಒಳನಾಡಿನ ಬೆಟ್ಟದ ಮೇಲೆ. ಬೇಸಿಗೆಯ ವಾಹನದಟ್ಟಣೆಯಲ್ಲಿ ಇವೆಲ್ಲವನ್ನೂ ಸುತ್ತಲು ರಸ್ತೆಯೇ ಮೂರು ಗಂಟೆಯನ್ನು ನುಂಗುತ್ತದೆಂದು ಉದಾರವಾಗಿಯೇ ಎಣಿಸೋಣ. ಉಳಿದದ್ದು ನಾಲ್ಕು ಗಂಟೆ. ಆರು ಊರುಗಳಿಗೆ ಹಂಚಿದರೆ ಒಂದಕ್ಕೆ 40 ನಿಮಿಷ. ಎಜ್ ಹಳ್ಳಿಯಿರುವುದು ಸಮುದ್ರಮಟ್ಟದಿಂದ 400 ಮೀಟರಿಗೂ ಮಿಕ್ಕ ಎತ್ತರದ ಬಂಡೆಯ ನೆತ್ತಿಯಲ್ಲಿ. ಅದರ ಓಣಿಗಳಿಗೆ ವಾಹನ ಹೋಗದು. ಕೆಳಗಿಳಿದು, ಮೆಟ್ಟಿಲೇರಿ, 1706ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ಕೆಡವಿದ ಕೋಟೆಯ ಅವಶೇಷಗಳವರೆಗೆ ಹೋಗಿ ಮರಳುವುದಕ್ಕೇ ಆ 40 ನಿಮಿಷ ಸಾಲದು. ನೋಡುವುದು ಯಾವಾಗ? ನೋಡಿದ್ದನ್ನು ಮನಸ್ಸಿಗೆ ತಂದುಕೊಳ್ಳುವುದು ಯಾವಾಗ?

ಇಲ್ಲೊಂದು ವೈಪರೀತ್ಯವಿದೆ. ಈ ಕರಾವಳಿಯ ಕೀರ್ತಿಯನ್ನು ಕಟ್ಟಿದವರು ಬಂದು ನಿಂತವರು. 1834ರಲ್ಲಿ ಇಂಗ್ಲೆಂಡಿನ ಲಾರ್ಡ್ ಬ್ರೂಮ್ ಇಟಲಿಗೆ ಹೊರಟಿದ್ದರು. ಕಾಲರಾ ಭೀತಿಯಿಂದ ಗಡಿಯಲ್ಲಿ ಸಂಚಾರಕ್ಕೆ ತಡೆಯಾಗಿ, ಅವರು ಕಾನ್ ಎಂಬ ಬೆಸ್ತರ ಹಳ್ಳಿಯಲ್ಲಿ ಉಳಿಯಬೇಕಾಯಿತು. ಆ ಸ್ಥಳ ಅವರಿಗೆ ಹಿಡಿಸಿತು. ಅಲ್ಲಿ ಮನೆ ಕಟ್ಟಿಸಿದರು, ಮತ್ತೆ ಮತ್ತೆ ಬಂದರು, 1868ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರನ್ನು ಅನುಸರಿಸಿ ಇತರರು ಬಂದರು, ಹಳ್ಳಿ ಪಟ್ಟಣವಾಯಿತು. ಪ್ರಯಾಣವೊಂದು ನಿಂತದ್ದರಿಂದ ಹುಟ್ಟಿದ ಊರು ಕಾನ್. ಇಂದು ಅಲ್ಲಿ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ!

ನೀಸ್ ನಗರದ ಕಥೆಯೂ ಭಿನ್ನವಲ್ಲ. ಅದರ ಕಡಲಂಚಿನ ಹೆಸರಾಂತ ವಿಹಾರಪಥಕ್ಕೆ ಇಂದಿಗೂ 'ಇಂಗ್ಲಿಷರ ಹಾದಿ' ಎಂಬರ್ಥದ ಹೆಸರಿದೆ. ಚಳಿಗಾಲವನ್ನು ಕಳೆಯಲು ಬಂದು ತಿಂಗಳುಗಟ್ಟಲೆ ನೆಲೆಸುತ್ತಿದ್ದ ಇಂಗ್ಲಿಷರು, 1820ರ ದಶಕದ ಆರಂಭದಲ್ಲಿ, ಲೂಯಿಸ್ ವೇ ಎಂಬ ಪಾದ್ರಿಯ ಪ್ರೇರಣೆಯಿಂದ ಹಣ ಕೂಡಿಸಿ, ಕೆಲಸವಿಲ್ಲದೆ ಬೇಡುತ್ತಿದ್ದ ಅಲ್ಲಿನ ಬಡವರಿಗೆ ಕೂಲಿ ಕೊಟ್ಟು ಆ ದಾರಿಯನ್ನು ಮಾಡಿಸಿದರು. ಅತಿಥಿಗಳು ಊರಿನ ಕಷ್ಟವನ್ನು ಕಂಡದ್ದು ಅಲ್ಲಿ ಉಳಿದಿದ್ದರಿಂದ. 2021ರಲ್ಲಿ ಯುನೆಸ್ಕೊ ಈ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ 'ಚಳಿಗಾಲದ ವಾಸ್ತವ್ಯದ ಪಟ್ಟಣ' ಎಂದೇ ಅದನ್ನು ಗುರುತಿಸಿತು. ಇಂದಿನ ಏಕದಿನ ಪ್ರವಾಸಿಗೆ ಆ ದಾರಿ ವಾಹನ ಹಾದುಹೋಗುವಾಗ ಬೆರಳು ತೋರಿಸುವಷ್ಟರದು. ಅದನ್ನು ಮಾಡಿದವರು ಹಸಿದವರೆಂದು ಅವನಿಗೆ ಯಾರು ಹೇಳಬೇಕು? ಹೇಳಿದರೂ ಕೇಳಿಸಿಕೊಳ್ಳುವುದರೊಳಗೆ ದಾರಿಯೇ ಮುಗಿದಿರುತ್ತದೆ.

ಕಲಾವಿದರ ವಿಚಾರಕ್ಕೆ ಬನ್ನಿ. ಅವರ ಹೆಸರುಗಳನ್ನು ಮುಂದೊಡ್ಡಿಯೇ ಈ ಪ್ರವಾಸಗಳನ್ನು ಮಾರಲಾಗುತ್ತದೆ. ಸೇಂಟ್ ಪಾಲ್‌ಗೆ ನೆರೆಯ ವಾನ್ಸ್ ಪಟ್ಟಣದಲ್ಲಿ ಚಿತ್ರಕಾರ ಮತೀಸ್ ಇಳಿವಯಸ್ಸಿನಲ್ಲಿ, ಕಾಯಿಲೆಯ ನಡುವೆ, ಒಂದು ಪುಟ್ಟ ಪ್ರಾರ್ಥನಾಮಂದಿರಕ್ಕಾಗಿ ಸುಮಾರು ನಾಲ್ಕು ವರ್ಷ ದುಡಿದರು. 1951ರಲ್ಲಿ ಅದು ಪೂರ್ಣಗೊಂಡಾಗ ಅವರ ವಯಸ್ಸು 81. ಹಳದಿ, ಹಸಿರು, ನೀಲಿ ಗಾಜುಗಳ ಮೂಲಕ ಬಿಳಿಯ ಗೋಡೆಗೂ ನೆಲಕ್ಕೂ ಇಳಿಯುವ ಬೆಳಕು ಹೊತ್ತು ಹೊತ್ತಿಗೆ ಬದಲಾಗುತ್ತದೆ. ಆ ಬದಲಾವಣೆಯೇ ಅಲ್ಲಿನ ಕೃತಿ. ಕಾನ್ಯ ಎಂಬಲ್ಲಿ ಚಿತ್ರಕಾರ ರೆನ್ವಾ 1907ರಲ್ಲಿ ಒಂದು ತೋಟವನ್ನು ಕೊಂಡರು. ಅಲ್ಲಿನ ಪುರಾತನ ಆಲಿವ್ ಮರಗಳು ಕೊಡಲಿಯ ಪಾಲಾಗದಂತೆ ಉಳಿಸುವುದು ಅವರ ಉದ್ದೇಶವಾಗಿತ್ತು. ಕೀಲುನೋವಿನಿಂದ ಕೈಗಳು ಸೊಟ್ಟಗಾದ ಮೇಲೂ 1919ರಲ್ಲಿ ಸಾಯುವವರೆಗೆ ಆ ಮರಗಳ ನಡುವೆ ಚಿತ್ರ ಬರೆದರು. ಅಮೆರಿಕೆಯ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಜೀವನದ ಕೊನೆಯ 17 ವರ್ಷಗಳಷ್ಟು ಕಾಲ ಸೇಂಟ್ ಪಾಲ್‌ನಲ್ಲಿ ಮನೆ ಮಾಡಿಕೊಂಡಿದ್ದರು. ಜರ್ಮನ್ ದಾರ್ಶನಿಕ ನೀಚೆ 1880ರ ದಶಕದ ಚಳಿಗಾಲಗಳಲ್ಲಿ ನೀಸ್‌ನಲ್ಲಿದ್ದು, ಕಡಲಿನಿಂದ ಎಜ್ ಹಳ್ಳಿಗೆ ಏರುವ ಕಡಿದಾದ ಕಾಲುದಾರಿಯಲ್ಲಿ ನಡೆಯುತ್ತಾ ಚಿಂತಿಸಿದರು. ಆ ದಾರಿಗೆ ಈಗ ಅವರದೇ ಹೆಸರು. ಅವರ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ; ನಡಿಗೆಯನ್ನು ಒಪ್ಪಬಹುದು. ಏಕದಿನ ಪ್ರವಾಸಿ ಇವರೆಲ್ಲರ ಹೆಸರನ್ನು ಕೇಳಿ ಬರುತ್ತಾನೆ. ಇವರಲ್ಲಿ ಯಾರೊಬ್ಬರ ತಾಳ್ಮೆಯನ್ನೂ ತರುವುದಿಲ್ಲ.

ಇನ್ನು ವೈಭವದ ಮಾತು. ಮೊನಾಕೊ ಸುಮಾರು 2 ಚದರ ಕಿಲೋಮೀಟರಿನ ಸಂಸ್ಥಾನ. 1863ರಲ್ಲಿ ಅಲ್ಲಿನ ಹೆಸರಾಂತ ಜೂಜುಗೃಹ ತೆರೆಯಿತು. ಅದರ ಆದಾಯದ ಬಲದಿಂದ 1869ರಲ್ಲಿ ಅರಸ ನೇರ ತೆರಿಗೆಗಳನ್ನು ರದ್ದುಗೊಳಿಸಿದ. ಆದರೆ ಅಲ್ಲಿನ ಸ್ವಂತ ಪ್ರಜೆಗಳು ಆ ಗೃಹದಲ್ಲಿ ಜೂಜಾಡುವಂತಿಲ್ಲ! ಮನೆಮಂದಿಗೆ ಬೇಡವಾದ ವಿಷವನ್ನು ಅತಿಥಿಗೆ ಬಡಿಸುವ ವ್ಯವಸ್ಥೆಯಿದು. ನಮ್ಮ ಪ್ರವಾಸಿ ಒಳಗೆ ಹೋಗಿ ಜೂಜಾಡದಿರಬಹುದು. ಅವನು ಮಾಡುವುದು ಬಾಗಿಲ ಮುಂದೆ ನಿಂತಿರುವ ಅನ್ಯರ ಕಾರುಗಳ ಪಕ್ಕದಲ್ಲಿ, ಬಂದರಿನಲ್ಲಿ ಕಟ್ಟಿಹಾಕಿದ ಅನ್ಯರ ವಿಹಾರನೌಕೆಗಳ ಹಿನ್ನೆಲೆಯಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು. ಸ್ವಂತವಲ್ಲದ, ಸ್ವಂತವಾಗಲಾರದ ವಸ್ತುವಿನ ಪಕ್ಕದಲ್ಲಿ ನಿಂತು ಸಂತೋಷಪಡುವುದನ್ನು ಮಕ್ಕಳಿಗೆ ಕಲಿಸುವುದು ಆಸೆಗೆ ಕೊಡುವ ಅಕ್ಷರಾಭ್ಯಾಸವಲ್ಲವೇ?

ಕೆಲವು ಪ್ರವಾಸಗಳಲ್ಲಿ ಸುಗಂಧದ ಊರಾದ ಗ್ರಾಸ್ ಕೂಡ ಸೇರಿರುತ್ತದೆ. ಇದು ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ವಿಷಯ. ಆ ಊರು ಮೊದಲು ಚರ್ಮ ಹದಮಾಡುವವರ ಊರು. ಚರ್ಮದ ಕೈಗವಸುಗಳ ವಾಸನೆಯನ್ನು ಮರೆಮಾಡಲು ಸುಗಂಧ ಹಚ್ಚಿದ್ದರಿಂದ ಅಲ್ಲಿನ ಪರಿಮಳದ ಕಸುಬು ಬೆಳೆಯಿತು. ಮಲ್ಲಿಗೆಯ ಪರಿಮಳವನ್ನು ಹಿಡಿಯಲು ಹಂದಿ ಮತ್ತು ದನದ ಕೊಬ್ಬನ್ನು ಬಳಿದ ಗಾಜಿನ ಹಲಗೆಗಳ ಮೇಲೆ ಹೂಗಳನ್ನು ಹರಡುವ ಪದ್ಧತಿ ಅಲ್ಲಿ ದೀರ್ಘಕಾಲ ನಡೆಯಿತು. ಕಸ್ತೂರಿ, ಪುನುಗು ಮೊದಲಾದ ಪ್ರಾಣಿಜನ್ಯ ದ್ರವ್ಯಗಳೂ ಸುಗಂಧಗಳಲ್ಲಿ ಬಳಕೆಯಾಗುತ್ತಿದ್ದವು. ಈಗ ವಿಧಾನಗಳು ಬಹುಮಟ್ಟಿಗೆ ಬದಲಾಗಿವೆ, ನಿಜ. ಆದರೂ ಈ ಸೀಸೆಯಲ್ಲಿ ಏನೇನಿದೆ ಎಂದು ಅಂಗಡಿಯಲ್ಲಿ ಕೇಳುವುದು ಅಹಿಂಸೆಯನ್ನು ನಂಬಿದವರ ಕನಿಷ್ಠ ಜವಾಬ್ದಾರಿ. ಅರ್ಧ ಗಂಟೆಯ ಭೇಟಿಯಲ್ಲಿ ಕೊಳ್ಳಲು ಸಮಯವಿರುತ್ತದೆ, ಕೇಳಲು ಇರುವುದಿಲ್ಲ. ಅವಸರವು ವಿವೇಕವನ್ನು ನುಂಗುವ ಬಗೆ ಇದು.

ಊರವರ ಪಾಲಿಗೆ ಆಗುವುದೇನು? ಎಜ್, ಸೇಂಟ್ ಪಾಲ್‌ನಂತಹ ಹಳ್ಳಿಗಳು ಬೆಟ್ಟದ ನೆತ್ತಿಯಲ್ಲಿ ಗೋಡೆ ಕಟ್ಟಿಕೊಂಡದ್ದು ದಾಳಿಕಾರರಿಗೆ ಹೆದರಿ. ಆ ಗೋಡೆಗಳು ಇಂದಿನ ದಾಳಿಯನ್ನು ತಡೆಯಲಾರವು. ಒಲೆ ಉರಿಯುತ್ತಿದ್ದ ಮನೆಗಳಲ್ಲಿ ಹೆಚ್ಚಿನವು ಈಗ ಕಲಾಕೃತಿಗಳ ಮಳಿಗೆಗಳು, ನೆನಪಿನ ಕಾಣಿಕೆಗಳ ಅಂಗಡಿಗಳು, ಹೋಟೆಲುಗಳು. ಬಂದವರು 40 ನಿಮಿಷವಿದ್ದು ಹೋಗುವುದಾದರೆ, ಆ 40 ನಿಮಿಷದಲ್ಲಿ ಮಾರಾಟವಾಗುವ ವಸ್ತುವಿಗೆ ಮಾತ್ರ ಅಲ್ಲಿ ಜಾಗ ಉಳಿಯುತ್ತದೆ. ಕಾನ್ ನಗರಸಭೆ ಈ ಒತ್ತಡವನ್ನು ಮನಗಂಡು, 2026ರ ಜನವರಿ 1ರಿಂದ ಸಾವಿರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ವಿಹಾರಹಡಗುಗಳು ತನ್ನ ಬಂದರಿಗೆ ಬಾರದಂತೆ 2025ರಲ್ಲಿ ನಿರ್ಧಾರ ಕೈಗೊಂಡಿತು. ನಮ್ಮ ವಾಹನದಲ್ಲಿ ಏಳೇ ಜನರಿದ್ದೇವೆಂದು ನಾವು ಸಮಾಧಾನ ಮಾಡಿಕೊಳ್ಳಬಹುದು. ಅಂಥ ವಾಹನಗಳು ಸಾಲುಗಟ್ಟಿ ಒಂದೇ ಬೆಟ್ಟವನ್ನೇರಿದಾಗ ಹಡಗಿಗೂ ಅವಕ್ಕೂ ವ್ಯತ್ಯಾಸವೇನು? ದೇವಾಲಯಗಳ ಆಡಳಿತ ನೋಡಿಕೊಳ್ಳುವ ವಿಶ್ವಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾಹನದ ಯಂತ್ರವನ್ನೂ ನಿಲ್ಲಿಸದೆ ಬಂದು ಹೋಗುವವರಿಗೂ ಒಂದು ರಾತ್ರಿ ತಂಗಿ ಮುಂಜಾನೆ ಅಂಗಳದಲ್ಲಿ ಕುಳಿತುಕೊಳ್ಳುವವರಿಗೂ ಇರುವ ಅಂತರವನ್ನು ಅವರು ಪ್ರತಿನಿತ್ಯ ಕಾಣುತ್ತಾರೆ.

ಆಕ್ಷೇಪಗಳು ಬರುತ್ತವೆ. ಇರುವುದೇ ಒಂದು ದಿನ, ಏನು ಮಾಡುವುದು ಎಂಬುದು ಮೊದಲನೆಯದು. ಒಂದು ದಿನವಿದ್ದರೆ ಒಂದು ಊರನ್ನು ನೋಡಿ. ಬಡಿಸಿದ್ದೆಲ್ಲವನ್ನೂ ತುತ್ತಿಗೊಂದರಂತೆ ಕಚ್ಚಿಟ್ಟವನದು ಊಟವೆನಿಸದು. ವೃದ್ಧರು ರೈಲು, ಬಸ್ಸುಗಳನ್ನು ಹತ್ತಿಳಿಯಲಾರರು ಎಂಬುದು ಎರಡನೆಯದು. ಇದು ನ್ಯಾಯವಾದ ಮಾತು. ಅಂಥವರಿಗೆ ವಾಹನವಿರಲಿ; ಖಾಸಗಿ ವಾಹನದ ನಿಜವಾದ ಉಪಯೋಗವೇ ಅದು. ಆದರೆ ವೃದ್ಧರನ್ನು ದಿನಕ್ಕೆ ಆರು ಸಲ ಇಳಿಸಿ ಹತ್ತಿಸುವುದು ಯಾವ ಸೇವೆ? ಎರಡೇ ಕಡೆ ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ. ಅಲ್ಲಿಯ ಜನರ ಜೀವನೋಪಾಯ ಪ್ರವಾಸಿಗಳಿಂದಲೇ ನಡೆಯುತ್ತದೆಂಬುದು ಮೂರನೆಯದು. ಹೌದು, ಆದರೆ ಒಂದು ರಾತ್ರಿ ತಂಗಿದವನು ಊರಿನ ಬೇಕರಿಗೂ ಹಣ್ಣಿನ ಅಂಗಡಿಗೂ ಕೊಡುತ್ತಾನೆ, 40 ನಿಮಿಷದವನ ಹಣದ ಬಹುಪಾಲು ಪ್ರವಾಸ ಏರ್ಪಡಿಸಿದವನಿಗೆ ಸಲ್ಲುತ್ತದೆ. ಹಣ ನಮ್ಮದು, ಕೇಳಲು ನೀವು ಯಾರು ಎಂಬುದು ಕೊನೆಯದು. ಹಣ ನಿಮ್ಮದು, ಆದರೆ ಆ ಬೆಟ್ಟ, ಆ ಓಣಿ, ಅಲ್ಲಿನ ಮುದುಕಿಯ ಮಧ್ಯಾಹ್ನದ ನೆಮ್ಮದಿ ನಿಮ್ಮದಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಕಾನ್, ಆಂಟೀಬ್, ನೀಸ್, ಮೊನಾಕೊಗಳನ್ನು ಕಡಲಂಚಿನ ಒಂದೇ ರೈಲುಮಾರ್ಗ ಜೋಡಿಸುತ್ತದೆ. ನೀಸ್‌ನಿಂದ ಮೊನಾಕೊಗೆ ಅರ್ಧ ಗಂಟೆಯೂ ಬೇಡ. ಎಜ್, ಸೇಂಟ್ ಪಾಲ್, ವಾನ್ಸ್‌ಗಳಿಗೆ ಬಸ್ಸುಗಳಿವೆ. ಕಾಲಿನಲ್ಲಿ ಕಸುವುಳ್ಳ ಯುವಕರು ಕಡಲಿನಿಂದ ಎಜ್‌ಗೆ ಸುಮಾರು ಒಂದೂವರೆ ಗಂಟೆಯಲ್ಲಿ ನಡೆದೇ ಏರಬಹುದು. ಒಂದು ಬೆಟ್ಟದ ಹಳ್ಳಿ, ಒಂದು ಕಡಲ ಊರು, ಇಷ್ಟೇ ಸಾಕು. ಜನಜಂಗುಳಿಯ ಜುಲೈ, ಆಗಸ್ಟ್‌ಗಳನ್ನು ಬಿಟ್ಟು ಚಳಿಗಾಲದಲ್ಲಿ ಹೋಗುವುದು ಇನ್ನೂ ಲೇಸು. ಈ ಕರಾವಳಿ ಪ್ರಸಿದ್ಧವಾದದ್ದೇ ಅದರ ಚಳಿಗಾಲಕ್ಕಾಗಿ. ಸಾಮೂಹಿಕ ಪ್ರವಾಸಗಳನ್ನು ಏರ್ಪಡಿಸುವ ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ಬಿನ್ನಹ: ಕರಪತ್ರದಲ್ಲಿ ಊರುಗಳ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದನ್ನು ಬಿಡಿ. ಎಷ್ಟು ಊರು ಎಂಬುದರ ಬದಲು ಒಂದೊಂದರಲ್ಲಿ ಎಷ್ಟು ಹೊತ್ತು ಎಂಬುದನ್ನು ಬರೆಯಿರಿ. ಜನ ಮೊದಲು ಗೊಣಗಬಹುದು, ಮರಳಿ ಬಂದ ಮೇಲೆ ಹರಸುತ್ತಾರೆ.

ಆಹಾರದಲ್ಲಿ, ಮಾತಿನಲ್ಲಿ, ಸಂಗ್ರಹದಲ್ಲಿ ಮಿತಿಯಿರಬೇಕೆಂಬುದನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಕಣ್ಣಿಗೂ ಒಂದು ಮಿತಿ ಬೇಕು. ನೋಡಿದ ಊರುಗಳನ್ನು ಒಡವೆಯಂತೆ ಎಣಿಸಿಡುವುದೂ ಒಂದು ಸಂಗ್ರಹವೇ. ಮುಂದಿನ ಬೇಸಿಗೆಯಲ್ಲಿ ಮಗನೋ ಮಗಳೋ ದೂರದಿಂದ ಕರೆದು, 'ಅಮ್ಮಾ, ಒಂದೇ ದಿನದಲ್ಲಿ ಆರು ಊರು ತೋರಿಸುತ್ತೇನೆ' ಎಂದರೆ, 'ಐದನ್ನು ಬಿಡು ಮಗು, ಒಂದರಲ್ಲಿ ನನ್ನ ಜೊತೆ ಕುಳಿತುಕೋ' ಎನ್ನಿರಿ. ಅವರು ಕೊಡಬೇಕೆಂದಿದ್ದದ್ದೂ ನೀವು ಪಡೆಯಬೇಕೆಂದಿದ್ದದ್ದೂ ಅದೇ.